ಗ್ಯಾಸ್ಕೆಟ್‌ಗೆ ಸೀಲೆಂಟ್: ಉಳಿತಾಯವೋ, ನಷ್ಟವೋ?

ವಿದ್ಯುತ್ ಕೈಕೊಟ್ಟಾಗ ಅಕ್ಕಿ ಗಿರಣಿಯನ್ನೂ ಮುದ್ರಣಾಲಯವನ್ನೂ ನಡೆಸುವುದು ಡೀಸೆಲ್ ಜನರೇಟರ್. ಸರಕನ್ನು ಮಾರುಕಟ್ಟೆಗೆ ಮುಟ್ಟಿಸುವುದು ಲಾರಿ, ಟೆಂಪೋಗಳು. ಇವುಗಳ ಎಂಜಿನ್ ನಿಂತರೆ ಮಾಲೀಕನಿಗೆ ತಗಲುವುದು ದುರಸ್ತಿಯ ಬಿಲ್ಲು ಮಾತ್ರವಲ್ಲ. ನಿಂತ ಉತ್ಪಾದನೆ, ತಪ್ಪಿದ ವಾಯಿದೆ, ಕೆಲಸವಿಲ್ಲದೆ ಕುಳಿತ ಕಾರ್ಮಿಕರ ಕೂಲಿ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. ಆದ್ದರಿಂದ ಎಂಜಿನ್ ಬಿಚ್ಚಿ ಜೋಡಿಸುವಾಗ ಗ್ಯಾಸ್ಕೆಟ್‌ಗೆ ಸೀಲೆಂಟ್ ಹಚ್ಚಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಮೆಕ್ಯಾನಿಕ್ಕನ ರೂಢಿಗೆ ಬಿಟ್ಟು ಸುಮ್ಮನಿರುವುದು ಉದ್ಯಮಿಗೆ ತರವಲ್ಲ.

‘ಸ್ವಲ್ಪ ಹೆಚ್ಚು ಹಚ್ಚಿದರೆ ನಷ್ಟವೇನು?’ ಎಂಬುದು ಅನೇಕ ವರ್ಕ್‌ಶಾಪ್‌ಗಳಲ್ಲಿ ಕೇಳಿಬರುವ ಮಾತು. ಇದು ಹುಟ್ಟಿದ್ದು ಕಾಗದ ಮತ್ತು ಕಾರ್ಕಿನ ಪ್ಯಾಕಿಂಗ್‌ಗಳ ಕಾಲದಲ್ಲಿ. ಆಗ ಲೋಹದ ಮೇಲ್ಮೈಗಳು ಇಂದಿನಷ್ಟು ನಯವಾಗಿರುತ್ತಿರಲಿಲ್ಲ. ಶೆಲಾಕ್‌ನಂತಹ ಅಂಟನ್ನು ತೆಳುವಾಗಿ ಬಳಿಯುವುದಕ್ಕೆ ಅರ್ಥವಿತ್ತು. ಗ್ಯಾಸ್ಕೆಟ್ ಬದಲಾಯಿತು, ರೂಢಿ ಮಾತ್ರ ಹಾಗೆಯೇ ಉಳಿಯಿತು.

ಹೆಡ್ ಗ್ಯಾಸ್ಕೆಟ್ಟನ್ನೇ ತೆಗೆದುಕೊಳ್ಳಬಹುದು. ಸಿಲಿಂಡರಿನ ದಹನಾನಿಲ, ತಂಪುಗೊಳಿಸುವ ನೀರು, ಎಂಜಿನ್ ಆಯಿಲ್ ಈ ಮೂರನ್ನೂ ಒಂದರೊಡನೊಂದು ಬೆರೆಯದಂತೆ ತಡೆಯುವುದು ಅದರ ಕೆಲಸ. ಇಂದಿನ ಅನೇಕ ಎಂಜಿನ್‌ಗಳಲ್ಲಿ ಹಲವು ಪದರಗಳ ಉಕ್ಕಿನ ಗ್ಯಾಸ್ಕೆಟ್ ಇದ್ದು, ಅದರ ಮೇಲೆ ತೆಳುವಾದ ರಬ್ಬರಿನ ಲೇಪವನ್ನು ಕಾರ್ಖಾನೆಯಲ್ಲಿಯೇ ಕೊಟ್ಟಿರುತ್ತಾರೆ. ಬೋಲ್ಟುಗಳ ಸಮನಾದ ಒತ್ತಡದಿಂದಲೇ ಅದು ಕೂಡಬೇಕು. ಅದರ ಮೇಲೆ ಸಿಲಿಕೋನ್ ಬಳಿದರೆ ಒತ್ತಡ ಏರುಪೇರಾಗುತ್ತದೆ. ನೀರು, ಆಯಿಲ್ ಹರಿಯುವ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುವ ಸಂಭವವೂ ಉಂಟು. ತಯಾರಕರು ಸ್ಪಷ್ಟವಾಗಿ ಸೂಚಿಸಿದ ಜಾಗಗಳ ಹೊರತು ಇಂತಹ ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸಬೇಕು.

ಹೆಚ್ಚಾಗಿ ಹಚ್ಚಿದ ಸಿಲಿಕೋನ್ ಹೊರಗೆ ಎಷ್ಟು ಕಾಣುತ್ತದೆಯೋ ಒಳಗೂ ಅಷ್ಟೇ ಹಿಂಡಿಕೊಂಡಿರುತ್ತದೆ. ಒಳಗಿನದು ಕಾಲಕ್ರಮದಲ್ಲಿ ತುಂಡಾಗಿ ಸಂಪಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡರಿಕೊಂಡರೆ ಬೇರಿಂಗುಗಳಿಗೆ ಆಯಿಲ್ ಸಾಲದು. ಬೇರಿಂಗು ಹೋದರೆ ಕ್ರ್ಯಾಂಕ್ ಶಾಫ್ಟಿಗೂ ಕುತ್ತು. ಒಂದು ಟ್ಯೂಬಿನ ಬೆಲೆಯ ವಸ್ತು ಒಂದು ಎಂಜಿನ್ನಿನ ಬೆಲೆಯನ್ನು ನುಂಗುವುದು ಹೀಗೆ.

ಹಾಗೆಂದು ಸೀಲೆಂಟನ್ನೇ ಬಹಿಷ್ಕರಿಸುವುದೂ ಸರಿಯಲ್ಲ. ಹಲವು ಎಂಜಿನ್‌ಗಳ ಸಂಪ್ ಮತ್ತು ಟೈಮಿಂಗ್ ಕವರಿಗೆ ಗ್ಯಾಸ್ಕೆಟ್ಟೇ ಇರುವುದಿಲ್ಲ. ಅಲ್ಲಿ ಸಿಲಿಕೋನ್ ಸೀಲೆಂಟೇ ಗ್ಯಾಸ್ಕೆಟ್. ಮೂರು ಭಾಗಗಳು ಕೂಡುವ ಮೂಲೆಗಳಲ್ಲಿ ಒಂದು ಹನಿ ಹಚ್ಚುವಂತೆ ತಯಾರಕರೇ ಹೇಳಿರುತ್ತಾರೆ. ನಯವಾಗಿ ಮೆಷಿನ್ ಮಾಡಿದ, ಬಾಗದ ಲೋಹದ ಕೂಡುಗಳಿಗೆ ಗಾಳಿಯಿಲ್ಲದೆಡೆ ಗಟ್ಟಿಯಾಗುವ ಅನೆರೋಬಿಕ್ ಸೀಲೆಂಟ್ ಯೋಗ್ಯ. ಎಲ್ಲಿ, ಯಾವುದು, ಎಷ್ಟು ಎಂಬುದಕ್ಕೆ ಆಯಾ ಎಂಜಿನ್ನಿನ ಸರ್ವಿಸ್ ಕೈಪಿಡಿಯೇ ಪ್ರಮಾಣ.

ಮೆಕ್ಯಾನಿಕ್ಕನ ಕಷ್ಟವೂ ಇಲ್ಲಿ ಗಮನಾರ್ಹ. ಹೆಡ್ ಸೊಟ್ಟಗಾಗಿದೆಯೇ ಎಂದು ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಪರೀಕ್ಷಿಸಿ, ಅಗತ್ಯವಿದ್ದರೆ ಮೆಷಿನಿಂಗ್ ಮಾಡಿಸಿ, ಟಾರ್ಕ್ ರೆಂಚಿನಿಂದ ಕ್ರಮಪ್ರಕಾರ ಬಿಗಿಯುವುದೇ ಸೋರಿಕೆಗೆ ನಿಜವಾದ ಮದ್ದು. ಆದರೆ ‘ಇಂದು ಸಂಜೆಯೊಳಗೆ ಗಾಡಿ ಬೇಕು, ಖರ್ಚು ಕಡಿಮೆಯಾಗಬೇಕು’ ಎಂದು ಪಟ್ಟು ಹಿಡಿಯುವವರು ಮಾಲೀಕರೇ. ಆಗ ಸೊಟ್ಟವನ್ನು ಸಿಲಿಕೋನ್ ಮರೆಸುತ್ತದೆ, ಸರಿಪಡಿಸುವುದಿಲ್ಲ. ಮೆಷಿನಿಂಗಿನ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿಯೇ ಪ್ರತ್ಯೇಕವಾಗಿ ತೋರಿಸಿ, ಬೇಡವೆಂದ ಗ್ರಾಹಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದು ಉಭಯರಿಗೂ ಕ್ಷೇಮ.

ಎಂಜಿನ್ ಮರುಜೋಡಣೆ ಮಾಡಿ ವಾರಂಟಿ ಕೊಡುವ ಘಟಕಗಳಿಗೆ ಇದರಲ್ಲಿ ಲೆಕ್ಕಪತ್ರದ ಪ್ರಶ್ನೆಯೂ ಅಡಗಿದೆ. ವಾರಂಟಿಗಾಗಿ ಮಾಡುವ ಮೀಸಲನ್ನು ಲೆಕ್ಕಪತ್ರ ಮಾನದಂಡ 29 ಒಪ್ಪುತ್ತದೆ. ಹಿಂದಿನ ಘಟನೆಯಿಂದ ಹುಟ್ಟಿದ ಬಾಧ್ಯತೆ, ಹಣ ಹೊರಹೋಗುವ ಸಂಭವ, ವಿಶ್ವಾಸಾರ್ಹ ಅಂದಾಜು ಎಂಬ ಮೂರು ಷರತ್ತುಗಳು ಮಾತ್ರ ಇರಬೇಕು. 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಿಂದಿನ ಅನುಭವದ ಆಧಾರದ ಮೇಲೆ ವೈಜ್ಞಾನಿಕವಾಗಿ ಅಂದಾಜಿಸಿದ ವಾರಂಟಿ ಮೀಸಲನ್ನು ಆದಾಯದಿಂದ ಕಳೆಯಬಹುದೆಂದು ತೀರ್ಪಿತ್ತಿತು. ಆದರೆ ಯಾವ ಕೆಲಸ ಏಕೆ ಮರಳಿ ಬಂತು ಎಂಬ ದಾಖಲೆಯೇ ಇಲ್ಲದ ವರ್ಕ್‌ಶಾಪ್ ಆ ಅನುಭವವನ್ನು ಅಧಿಕಾರಿಯ ಮುಂದೆ ಹೇಗೆ ತಾನೆ ತೋರಿಸೀತು? ಎಂಜಿನ್ ಸಂಖ್ಯೆ, ಗ್ಯಾಸ್ಕೆಟ್ಟಿನ ವಿಧ, ಬಳಸಿದ ಸೀಲೆಂಟ್, ಬಿಗಿದ ಟಾರ್ಕ್ ಇವಿಷ್ಟನ್ನು ಜಾಬ್ ಕಾರ್ಡಿನಲ್ಲಿ ಬರೆದಿಟ್ಟರೆ ತಾಂತ್ರಿಕ ಶಿಸ್ತಿನೊಂದಿಗೆ ತೆರಿಗೆಯ ಪುರಾವೆಯೂ ದೊರೆಯುತ್ತದೆ.

ಬಿಡಿಭಾಗಗಳ ವರ್ತಕರ ಪಾತ್ರವೂ ಕಿರಿದಲ್ಲ. ಗ್ಯಾಸ್ಕೆಟ್ ಸೆಟ್ ಒಡೆದು ಬಿಡಿಯಾಗಿ ಮಾರುವಾಗ ಪೊಟ್ಟಣದೊಳಗಿನ ಸೂಚನಾ ಚೀಟಿ ಅಂಗಡಿಯಲ್ಲಿಯೇ ಉಳಿದುಬಿಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಅಪಾಯ ಹಾಗೂ ಸರಿಯಾದ ಬಳಕೆ ಕುರಿತ ತಯಾರಕರ ಸೂಚನೆಗಳನ್ನು ಮುಟ್ಟಿಸದ ಮಾರಾಟಗಾರನನ್ನೂ ಉತ್ಪನ್ನ ಹೊಣೆಗಾರಿಕೆಯ ವ್ಯಾಪ್ತಿಗೆ ತಂದಿದೆ. ಚೀಟಿಯ ಒಂದು ನೆರಳಚ್ಚು ಪ್ರತಿಯನ್ನು ಬಿಲ್ಲಿನೊಂದಿಗೆ ಕೊಡುವುದಕ್ಕೆ ತಗಲುವ ಖರ್ಚು ಒಂದೆರಡು ರೂಪಾಯಿ ಮಾತ್ರ.

ಸೀಲೆಂಟ್ ಬೇಕೆಂದಲ್ಲಿ ಹೇಳಿದಷ್ಟು, ಬೇಡವೆಂದಲ್ಲಿ ಸ್ವಲ್ಪವೂ ಇಲ್ಲ ಎಂಬ ನಿಯಮವನ್ನು ವರ್ಕ್‌ಶಾಪ್ ಮಾಲೀಕರು ಗೋಡೆಯ ಮೇಲೆ ಬರೆಸುವುದು ಒಳಿತು. ಜನರೇಟರ್, ಲಾರಿಗಳ ಮಾಲೀಕರು ಮುಂದಿನ ಬಾರಿ ಎಂಜಿನ್ ಬಿಚ್ಚಿಸಿದಾಗ ದರ ಕೇಳುವ ಮೊದಲು, ಹೆಡ್ಡಿನ ಸಮತಟ್ಟು ಪರೀಕ್ಷಿಸಿದಿರಾ ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಬೇಕು.