ಹಳೆಯ ಡೀಸೆಲ್ ಪಿಕಪ್‌ಗೆ ಬೆಲೆ ಏಕೆ?

ಅಮೆರಿಕದಲ್ಲಿ ಸುಮಾರು ಮೂರು ದಶಕಗಳ ಹಿಂದಿನ ಡಾಡ್ಜ್ ರ‍್ಯಾಮ್ ಪಿಕಪ್ ಟ್ರಕ್ಕುಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಇದನ್ನು ಬರಿಯ ಹಳತಿನ ವ್ಯಾಮೋಹವೆಂದು ತಳ್ಳಿಹಾಕುವಂತಿಲ್ಲ.

1989ರಲ್ಲಿ ಡಾಡ್ಜ್ ತನ್ನ ಪಿಕಪ್‌ಗೆ ಕಮಿನ್ಸ್ ಕಂಪೆನಿಯ 5.9 ಲೀಟರಿನ, ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಅಳವಡಿಸಿತು. ಟಾಟಾ ಲಾರಿಗಳ ಮೂಲಕ ಭಾರತದ ಹೆದ್ದಾರಿಗಳಿಗೂ ಪರಿಚಿತವಾದ ವಂಶವದು. ಸಾಮರ್ಥ್ಯ 160 ಅಶ್ವಶಕ್ತಿಯಷ್ಟೆ. ಆದರೆ ನಿಮಿಷಕ್ಕೆ 1,700 ಸುತ್ತಿನಲ್ಲೇ ಸುಮಾರು 540 ನ್ಯೂಟನ್ ಮೀಟರ್ ಟಾರ್ಕ್. ಭಾರ ಎಳೆಯುವವನಿಗೆ ಬೇಕಾದುದು ಅದೇ. 1994ರಲ್ಲಿ ಬಂದ ಬಾಷ್ ಪಿ7100 ಪಂಪು ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಪ್ಲಂಜರಿನಿಂದ ಇಂಧನ ಒದಗಿಸುತ್ತಿತ್ತು. ಕಂಪ್ಯೂಟರಿನ ಅಪ್ಪಣೆ ಬೇಕಿರಲಿಲ್ಲ. ಸ್ಪ್ಯಾನರ್ ಹಿಡಿದ ಅನುಭವಿ ಮೆಕ್ಯಾನಿಕ್ ಸಾಕಿತ್ತು. (ಎಂಜಿನ್ ನಿರ್ದೋಷಿಯೇನಲ್ಲ. ಪುಟ್ಟದೊಂದು ಡೋವೆಲ್ ಪಿನ್ ಸಡಿಲಗೊಂಡು ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಕಥೆ ಮುಗಿದಂತೆ.) 1998ರ ಮಧ್ಯದಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಬಂದಿತು.

ಹೊಗೆಯ ಲೆಕ್ಕ ಬೇರೆ. ಹಳೆಯ ಪಂಪಿನಲ್ಲಿ ಇಂಧನ ಹೆಚ್ಚಿಸಿದರೆ ಶಕ್ತಿಯೊಡನೆ ಕಪ್ಪು ಹೊಗೆಯೂ ಏರುತ್ತದೆ; ಉಸಿರಾಡುವ ನೆರೆಯವನಿಗೆ ಅದರ ದಂಡ. ಅದನ್ನು ತಡೆಯಲು ಸೋಸುಕ, ಯೂರಿಯಾ ದ್ರಾವಣ, ಸೆನ್ಸರುಗಳು ಬಂದವು. ಅವುಗಳಲ್ಲೊಂದು ಕೆಟ್ಟರೂ ಕಂಪ್ಯೂಟರು ಟ್ರಕ್ಕಿನ ವೇಗವನ್ನೇ ಕಟ್ಟಿಹಾಕಬಲ್ಲದು. ದುರಸ್ತಿ ಮಾಲೀಕನ ಕೈಮೀರುತ್ತದೆ. ಕಾನೂನನ್ನು ಎಲ್ಲರೂ ಪಾಲಿಸಿದ್ದರೆ ಈ ಕಷ್ಟಕ್ಕೆ ಅರ್ಥವಿರುತ್ತಿತ್ತು. 2024ರ ಜನವರಿಯಲ್ಲಿ ಅದೇ ಕಮಿನ್ಸ್, ರ‍್ಯಾಮ್ ಪಿಕಪ್‌ಗಳಲ್ಲಿ ಮಾಲಿನ್ಯ ನಿಯಂತ್ರಣವನ್ನು ವಂಚಿಸುವ ತಂತ್ರಾಂಶವಿದ್ದ ಆರೋಪಕ್ಕೆ, ತಪ್ಪೊಪ್ಪಿಕೊಳ್ಳದೆಯೇ, 167.5 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. ಯೂರಿಯಾ ವ್ಯವಸ್ಥೆ ಕೆಟ್ಟೊಡನೆ ವಾಹನ ಕುಂಟದಂತೆ ತಂತ್ರಾಂಶ ತಿದ್ದಬೇಕೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ತಯಾರಕರಿಗೆ ಸೂಚಿಸಿದ್ದು 2025ರ ಆಗಸ್ಟ್‌ನಲ್ಲಿ.