ಕೇಸು ಕಡಿಮೆಯಾದರೆ ಊರು ಕ್ಷೇಮವೇ?

ಬೆಂಗಳೂರಿನ ಬಾಡಿಗೆ ತಾಳಲಾರದೆ ಹೊಸಕೋಟೆ, ನೆಲಮಂಗಲ, ಆನೇಕಲ್ ಕಡೆ ಮನೆ ಹುಡುಕುವವರು ಬಸ್ಸಿನಲ್ಲಿ ಕೇಳುವುದು ಒಂದೇ ಪ್ರಶ್ನೆ: 'ಆ ಏರಿಯಾದಲ್ಲಿ ಕಳ್ಳತನ ಜಾಸ್ತೀನಾ ಸ್ವಾಮಿ?' ಪಕ್ಕದ ಸೀಟಿನವರ ಉತ್ತರವೂ ಒಂದೇ: 'ಕೇಸು ಕಡಿಮೆ, ಭಯ ಇಲ್ಲ.'

ಲೆಕ್ಕ ಅಷ್ಟು ಸಲೀಸಲ್ಲ. ಅಂಕಿ ಹೇಳುವುದು ನಡೆದ ಅಪರಾಧವನ್ನಲ್ಲ, ದಾಖಲಾದ ದೂರನ್ನು. ಅಂಗಡಿ ಬೀಗ ಮುರಿಸಿಕೊಂಡವರು 'ಸ್ಟೇಷನ್ನಿಗೆ ಯಾರು ಅಲೆಯೋದು' ಅಂತ ಸುಮ್ಮನಾದರೆ ಕಾಗದದ ಮೇಲೆ ಆ ಕಳ್ಳತನ ನಡೆದೇ ಇಲ್ಲ! ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ದರೋಡೆ ಎರಡೂ ಇದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೊಲೆಯನ್ನಷ್ಟೇ ಎಣಿಸುತ್ತದೆ. ಕೇಸು ಏರುವುದೇ ಬೇರೆ, ಅಪರಾಧ ಏರುವುದೇ ಬೇರೆ ಎಂದು ಬ್ಯೂರೋವೇ ಒಪ್ಪುತ್ತದೆ.

ಹಾಗಾದರೆ ನೋಡುವುದೇನು? ರಾತ್ರಿ ಕೊನೇ ಬಸ್ಸಿಳಿದು ನಡೆದು ನೋಡಿ. ಬೀದಿದೀಪ ಉರಿಯುತ್ತಿದೆಯೇ? ಅಂಗಡಿ ತೆರೆದಿವೆಯೇ? ಹೆಣ್ಣುಮಕ್ಕಳು ಒಬ್ಬರೇ ಓಡಾಡುತ್ತಾರೆಯೇ? ಕಳವಾದಾಗ ದೂರು ಬರೆದುಕೊಂಡರೇ ಅಂತ ಅಂಗಡಿಯವರನ್ನು ಕೇಳಿ.

ಬರೆದುಕೊಳ್ಳುವುದು ಪೊಲೀಸರ ದಯೆಯಲ್ಲ. ಮನೆ ಕಳವಿನಂಥ ಪ್ರಕರಣಕ್ಕೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟಿನ 2013ರ ತೀರ್ಪಿದೆ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ. ನಿರಾಕರಿಸಿದರೆ ಎಸ್ಪಿಗೆ ಅಂಚೆಯಲ್ಲಿ ಕಳಿಸಿ.

ದೂರು ಕೊಟ್ಟರೆ ಬಡಾವಣೆ ಹೆಸರು ಕೆಡುತ್ತೆ, ಸೈಟಿನ ರೇಟು ಇಳಿಯುತ್ತೆ ಅನ್ನೋರೂ ಇದ್ದಾರೆ. ಅದೆಲ್ಲ ಅವರ ಮನೆ ಬೀಗ ಒಡೆಯೋವರೆಗೆ ಮಾತ್ರ!