ಶನಿವಾರದ ನೇಮ

ಯೂರೋಪು ಖಂಡದ ಮಧ್ಯಯುಗದಲ್ಲಿ ಅರೆಮೈ ಹೆಣ್ಣು, ಅರೆಮೈ ಮೀನು ಅಥವಾ ಸರ್ಪವಾದವರ ಕಥೆಗಳು ಹೇರಳವಾಗಿದ್ದವು. ಕಡಲಿನಲ್ಲಿ ಹಾಡಿ ನಾವಿಕರನ್ನು ಮರುಳುಗೊಳಿಸುವ ಮತ್ಸ್ಯಕನ್ಯೆಯರನ್ನು ವಾಚಕರು ಬಲ್ಲರಾದ್ದರಿಂದ ಅವರ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಈ ತಿಂಗಳು ನಾವು ಹೇಳಹೊರಟಿರುವುದು ಮನೆವಾರ್ತೆ ನಡೆಸಿದ ಸರ್ಪಿಣಿಯೊಬ್ಬಳ ವೃತ್ತಾಂತ. ಕೋಟೆಗಳನ್ನು ಕಟ್ಟಿಸಿ, ಹತ್ತು ಮಂದಿ ಗಂಡುಮಕ್ಕಳನ್ನು ಹೆತ್ತು, ಸೀಮೆಗೆಲ್ಲ ಒಡತಿಯಾಗಿ ಬಾಳಿದ ಆ ಗೃಹಿಣಿಯ ಹೆಸರು ಮೆಲುಸೀನ್.

ಫ್ರಾನ್ಸು ದೇಶದ ಪಶ್ಚಿಮ ಭಾಗದಲ್ಲಿ ಪ್ವಾತೂ ಎಂಬ ಪ್ರಾಂತವುಂಟು. ಅಲ್ಲಿನ ಲುಸಿನ್ಯಾಂ ದುರ್ಗವನ್ನು ಕಟ್ಟಿಸಿದವಳು ಈಕೆಯೇ ಎಂದು ಐತಿಹ್ಯ. ಬೆರ್ರಿಯ ಡ್ಯೂಕನ ಅಪ್ಪಣೆಯಂತೆ ಝಾನ್ ದಾರಾಸ್ ಎಂಬ ಲೇಖಕನು 1393ರಲ್ಲಿ ಈ ಕಥೆಯನ್ನು ಗದ್ಯದಲ್ಲಿ ಬರೆದು ಮುಗಿಸಿದನು.

ರೇಮಂದಿನನೆಂಬ ತರುಣನು ಕಾಡುಹಂದಿಯ ಬೇಟೆಯಲ್ಲಿ ಬೀಸಿದ ಆಯುಧವು ಜಾರಿ, ಸಾಕಿದ ಮಾವನೇ ಮಡಿದನು. ದಿಕ್ಕುಗೆಟ್ಟು ಇರುಳೆಲ್ಲ ಅಲೆಯುತ್ತಿದ್ದವನಿಗೆ ಕಾಡಿನ ಚಿಲುಮೆಯೊಂದರ ಬಳಿ ಮೆಲುಸೀನಳು ಕಾಣಿಸಿದಳು. ಆತನ ಗುಟ್ಟೆಲ್ಲವೂ ಆಕೆಗೆ ಮೊದಲೇ ತಿಳಿದಿತ್ತು. ಕೈಹಿಡಿಯುವುದಾದರೆ ಐಶ್ವರ್ಯಕ್ಕೆ ಕೊರತೆಯಿಲ್ಲ, ಆದರೆ ಶನಿವಾರದ ದಿನ ಮಾತ್ರ ತನ್ನನ್ನು ನೋಡಲಾಗದು, ಹುಡುಕಲೂ ಆಗದು ಎಂಬುದೇ ಆಕೆಯ ನಿಬಂಧನೆ. ತಾಯಿಯ ಶಾಪದಿಂದ ಆ ಒಂದು ದಿನ ಆಕೆಯ ಹೊಕ್ಕುಳಿನಿಂದ ಕೆಳಗಿನ ಮೈ ಸರ್ಪವಾಗುತ್ತಿತ್ತು. ನೇಮವು ಮುರಿಯದೆ ನಡೆದರೆ ಆಕೆ ಮನುಷ್ಯಳಾಗಿಯೇ ಸಾಯಬಹುದಾಗಿತ್ತು.

ಒಂದು ಜಿಂಕೆಯ ಚರ್ಮ ಸುತ್ತುವರಿಯುವಷ್ಟು ನೆಲವನ್ನು ಬೇಡೆಂದು ಆಕೆಯೇ ಗಂಡನಿಗೆ ಹೇಳಿಕೊಟ್ಟಳು. ಚರ್ಮವನ್ನು ಎಳೆಯೆಳೆಯಾಗಿ ಸೀಳಿ ಹಾಸಿದಾಗ ಸೀಮೆಯೇ ದಕ್ಕಿತು! ಮಕ್ಕಳೇನೋ ಶೂರರು, ಆದರೆ ಹಲವರ ಮುಖದಲ್ಲಿ ಒಂದೊಂದು ವಿಕಾರ: ಒಬ್ಬನಿಗೆ ಒಂದೇ ಕಣ್ಣು, ಇನ್ನೊಬ್ಬನಿಗೆ ಮೂರು, ಜೊಫ್ರುವಾ ಎಂಬವನಿಗೆ ಬಾಯಿಂದ ಹೊರಬಂದ ದೊಡ್ಡ ಹಲ್ಲು.

ಹೀಗಿರಲು ಒಂದು ಶನಿವಾರ ಮನೆಗೆ ಬಂದ ಅಣ್ಣನು, ನಿನ್ನ ಹೆಂಡತಿಯ ವಿಷಯದಲ್ಲಿ ಜನರು ಏನೇನೋ ಆಡಿಕೊಳ್ಳುತ್ತಿದ್ದಾರೆ ಎಂದನು. ರೇಮಂದಿನನು ಕತ್ತಿಯ ಮೊನೆಯಿಂದ ಬಾಗಿಲನ್ನು ಕೊರೆದು ಇಣುಕಿದನು. ಆಕೆ ಕೊಳಗದಲ್ಲಿ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ನೀರಿನಲ್ಲಿ ಹಾವಿನ ದಪ್ಪ ಬಾಲವು ಹೊರಳುತ್ತಿತ್ತು.

ಊರ್ವಶೀ ಪುರೂರವರನ್ನೂ ಗಂಗಾ ಶಂತನುಗಳನ್ನೂ ಬಲ್ಲ ನಮಗೆ ಇಂತಹ ಒಪ್ಪಂದವು ಹೊಸದಲ್ಲ. ಅಲ್ಲಿ ಮಾತು ತಪ್ಪಿದೊಡನೆ ಹೆಣ್ಣು ದೂರವಾಗುವಳು. 13ನೆಯ ಶತಮಾನದ ಮೊದಲಲ್ಲಿ ಟಿಲ್ಬರಿಯ ಜರ್ವಾಸನು ಬರೆದಿಟ್ಟ ಇಂತಹುದೇ ಕಥೆಯಲ್ಲಿಯೂ ಗಂಡನು ನೋಡಿದ ಕ್ಷಣವೇ ಹೆಂಡತಿ ಹಾವಾಗಿ ಸ್ನಾನದ ನೀರಿನಲ್ಲಿ ಮುಳುಗಿಹೋಗುತ್ತಾಳೆ. ಇಲ್ಲಿ ಹಾಗಾಗಲಿಲ್ಲ. ರೇಮಂದಿನನು ಬಟ್ಟೆಗೆ ಮೇಣ ಹಚ್ಚಿ ರಂಧ್ರವನ್ನು ಮುಚ್ಚಿದನು, ಅಣ್ಣನನ್ನು ಬೈದು ಅಟ್ಟಿದನು, ಅಳುತ್ತ ಮಲಗಿದನು. ಆಕೆ ಎಲ್ಲವನ್ನೂ ಅರಿತಿದ್ದರೂ ಏನನ್ನೂ ಅರಿಯದವಳಂತೆ ಬಂದು ಆತನನ್ನು ಸಂತೈಸಿದಳು. ಇಬ್ಬರೂ ಬಾಯಿಬಿಡದಿದ್ದ ಆ ದಿನಗಳಲ್ಲಿ ಸಂಸಾರವು ಹಿಂದಿನಂತೆಯೇ ನಡೆಯಿತು.

ಆಮೇಲೆ ಜೊಫ್ರುವಾ, ತಮ್ಮನೊಬ್ಬನು ಸನ್ಯಾಸಿಯಾದನೆಂಬ ಸಿಟ್ಟಿನಿಂದ ಮೈಯಜೆಯ ಮಠಕ್ಕೆ ಬೆಂಕಿಯಿಟ್ಟು ತಮ್ಮನನ್ನೂ ಉಳಿದ ಸನ್ಯಾಸಿಗಳನ್ನೂ ಸುಟ್ಟನು. ಸಮಾಧಾನ ಹೇಳಬಂದ ಹೆಂಡತಿಯನ್ನು ರೇಮಂದಿನನು ತುಂಬಿದ ಜನರ ಎದುರಿಗೆ ಸರ್ಪಿಣಿಯೆಂದು ಜರೆದನು. ನಿನ್ನ ಸಂತಾನವೇ ಕೆಟ್ಟದ್ದೆಂದನು. ಅಣ್ಣನ ಚಾಡಿಯೇ ಆತನನ್ನು ಕೆಡಿಸಿತೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಇಣುಕಿದ್ದನ್ನು ಆಕೆ ಕ್ಷಮಿಸಿದ್ದಳು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಮನೆಯೊಳಕ್ಕೆ ಮರಳಿ ತರುವ ದಾರಿ ಆಕೆಗೂ ಇರಲಿಲ್ಲ. ಗಂಡನು ಕಾಲಿಗೆ ಬಿದ್ದರೂ ಫಲವಾಗದೆ, ರೆಕ್ಕೆಯ ಸರ್ಪವಾಗಿ ಕಿಟಕಿಯಿಂದ ಹಾರಿದಳು. ಗೋಳಿಡುತ್ತ ಕೋಟೆಯನ್ನು ಮೂರು ಬಾರಿ ಸುತ್ತಿ ಮಾಯವಾದಳು.

ಡ್ಯೂಕನು ಇದನ್ನು ಬರೆಯಿಸಿದ್ದು ಬರಿಯ ವಿನೋದಕ್ಕಲ್ಲ. ಇಂಗ್ಲಿಷರ ಕೈಯಲ್ಲಿದ್ದ ದುರ್ಗವನ್ನು 1374ರಲ್ಲಿ ಗೆದ್ದುಕೊಂಡ ಆತನಿಗೆ ತನ್ನ ಹಕ್ಕನ್ನು ಹಳೆಯ ಕುಲಕ್ಕೆ ಜೋಡಿಸಬೇಕಾಗಿತ್ತು. ಒಡೆಯನು ಬದಲಾಗುವ ಮುನ್ನ ಸರ್ಪವು ಕಾಣಿಸುವುದೆಂದೂ, ಅಲ್ಲಿದ್ದ ಇಂಗ್ಲಿಷ್ ದಳಪತಿಯು ಅದನ್ನು ಕಂಡನೆಂದೂ ಗ್ರಂಥವು ಹೇಳುತ್ತದೆ. ಲುಸಿನ್ಯಾಂ ವಂಶವಾದರೋ ಕಲ್ಪನೆಯಲ್ಲ. ಆ ಮನೆತನದ ಗೀ ಎಂಬವನು 1186ರಲ್ಲಿ ಜೆರೂಸಲೇಮಿನ ದೊರೆಯಾಗಿ, 1192ರಲ್ಲಿ ಸೈಪ್ರಸ್ ದ್ವೀಪವನ್ನು ಪಡೆದನು. ಮೈಯಜೆಯ ಮಠವನ್ನು 13ನೆಯ ಶತಮಾನದಲ್ಲಿ ಕಾಡಿದ ಜೊಫ್ರುವಾ ಒಬ್ಬನೂ ಇತಿಹಾಸದಲ್ಲಿದ್ದಾನೆ. ಕೋಟೆಯು ಈಗ ಉಳಿದಿಲ್ಲ. ಆದರೆ ಡ್ಯೂಕನ ಪ್ರಾರ್ಥನಾಗ್ರಂಥದಲ್ಲಿ, ಮಾರ್ಚ್ ತಿಂಗಳ ಪುಟದ ಮೇಲೆ, ಉಳುವ ರೈತನ ಹಿಂದೆ ಅದೇ ದುರ್ಗವೂ ಗೋಪುರದ ಮೇಲೆ ಹಾರುವ ಹೊನ್ನಿನ ಸರ್ಪವೂ ಇವೆ. ಅದನ್ನು ಶಾಂತಿಯಿ ಊರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ಒಂದನ್ನು ಹೇಳದೆ ಬಿಟ್ಟೆವು. ಆಕೆ ಹೋದಾಗ ಕೊನೆಯ ಎರಡು ಕೂಸುಗಳು ಇನ್ನೂ ಹಾಲು ಕುಡಿಯುತ್ತಿದ್ದವು. ರಾತ್ರಿಯ ಹೊತ್ತು ಆಕೆ ಬಂದು, ಅವುಗಳನ್ನು ಬೆಂಕಿಯ ಬಳಿ ಬೆಚ್ಚಗೆ ಹಿಡಿದು ಮೊಲೆಯೂಡಿಸುವುದನ್ನು ದಾದಿಯರು ಕಂಡರಂತೆ. ಭಯದಿಂದ ಅವರು ಮಾತನಾಡಲಿಲ್ಲ. ಕೂಸುಗಳು ಮಾತ್ರ ಚೆನ್ನಾಗಿ ಬೆಳೆದವು.